ಚಿನ್ನಮ್ಮ ಗುರುತಿಸದ ಮೀನು

ಚಿನ್ನಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಮೀನು ಬರುತ್ತಿತ್ತು. ತಿರುಮಕೂಡಲು ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಮೀನಿನ ಕಟ್ಟೆಯ ಮೇಲೆ ಮೂವತ್ತು ವರ್ಷ ಒಂದೇ ಜಾಗದಲ್ಲಿ ಕೂತು ಮಾರಿದವಳು ಆಕೆ. ಮೊದಮೊದಲು ಗಂಡ ಮರಿಯಪ್ಪ ತೆಪ್ಪದಲ್ಲಿ ಹೋಗಿ ಬಲೆ ಬೀಸಿ ತಂದದ್ದನ್ನು ಮಾರುತ್ತಿದ್ದಳು. ಅವನ ಮಂಡಿ ಕೈಕೊಟ್ಟ ಮೇಲೆ ಬೇರೆಯವರ ಮೀನು ಕೊಂಡು ತಂದು ಮಾರಿದಳು. ಕಿವಿರು ಎತ್ತಿ ನೋಡದೆ, ಬೆನ್ನಿಗೆ ಹೆಬ್ಬೆರಳು ಒತ್ತದೆ ಯಾವ ಮೀನನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ನಿನ್ನೆ ಉಳಿದದ್ದಕ್ಕೆ ಬೇರೆ ಬುಟ್ಟಿ. ಗಿರಾಕಿ ಬಾಯಿ ಬಿಡುವ ಮೊದಲೇ, “ಇದು ನಿನ್ನೇದು ಕಣಣ್ಣ, ಸಾರಿಗಾಯ್ತದೆ, ಹುರಿಯಾಕೆ ಬ್ಯಾಡ” ಎಂದು ತಾನೇ ಹೇಳಿಬಿಡುತ್ತಿದ್ದಳು. ಪಕ್ಕದಲ್ಲಿ ಕೂರುತ್ತಿದ್ದ ಕಾಳಮ್ಮನಿಗೆ ಅದೇ ಸಂಕಟ. “ನೀನು ಸತ್ಯವಂತೆ ಆಗೋದಾದ್ರೆ ಮನೇಲಿ ಆಗು ಕಣಮ್ಮಿ, ಕಟ್ಟೆ ಮೇಲೆ ನನ್ನ ಯಾಪಾರ ಯಾಕೆ ಕೆಡಿಸ್ತೀಯ?” ಎಂದು ಬೈಯುತ್ತಿದ್ದಳು.

ಆ ಬುಟ್ಟಿಯೇ ಮಗಳು ಗಾನವಿಯನ್ನು ಮೈಸೂರಿನ ಹಾಸ್ಟೆಲಿನಲ್ಲಿಟ್ಟು ಬಿ.ಕಾಂ. ಓದಿಸಿತು. ಹೈಸ್ಕೂಲಿಗೆ ಹೋಗುವಾಗ ಗಾನವಿ ಗೆಳತಿಯರ ಜೊತೆಯಲ್ಲಿದ್ದರೆ ಬಸ್ ಸ್ಟ್ಯಾಂಡಿನ ಹಿಂದಿನ ದಾರಿ ಬಿಟ್ಟು ಸುತ್ತುಹಾಕಿಕೊಂಡು ಹೋಗುತ್ತಿದ್ದಳು. ಅವ್ವ ಅದನ್ನು ಗಮನಿಸಿಲ್ಲವೆಂದು ಅವಳು ಬಹಳ ವರ್ಷ ನಂಬಿದ್ದಳು.

೨೦೦೬ರಲ್ಲಿ ಮದುವೆಯಾಗಿ ಸಿಡ್ನಿಗೆ ಬಂದಾಗ ಗಂಡ ಇಂದ್ರೇಶ್ ಓದು ಮುಗಿಸಿ ಪಿಆರ್‌ಗೆ, ಅಲ್ಲೇ ನೆಲೆಸುವ ಅನುಮತಿಗೆ, ಕಾಯುತ್ತಿದ್ದ. ಅಲ್ಲಿಯ ಬ್ಲ್ಯಾಕ್‌ಟೌನ್ ಬಡಾವಣೆಯ ಸ್ಟೇಷನ್ನಿನ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಯೂನಿಟ್ಟಿನಲ್ಲಿ, ಅಂದರೆ ಫ್ಲ್ಯಾಟಿನಲ್ಲಿ, ಒಂದು ರೂಮು ಬಾಡಿಗೆಗಿದೆ, ಕನ್ನಡದವರಾದರೆ ಸಂತೋಷ, ಸಸ್ಯಾಹಾರಿಗಳಿಗೆ ಮಾತ್ರ. ಬಾಗಿಲು ತೆರೆದವಳು ಸುಜಾತಾ. ಗಾನವಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಒಳಗೆ ಕರೆದು, ಕೂರಿಸಿ, ಫಿಲ್ಟರ್ ಕಾಫಿ ಕೈಗಿಟ್ಟು, ಆಮೇಲೆ ಕೇಳಿದಳು: “ನೀವೂ ಪ್ಯೂರ್ ವೆಜ್ ತಾನೆ?”

ಊರು ಬಿಟ್ಟು ಹನ್ನೊಂದು ದಿನವಾಗಿತ್ತು. ಅಷ್ಟು ದಿನದಲ್ಲಿ ಕನ್ನಡದಲ್ಲಿ ಕೂತ್ಕೊಳ್ಳಿ ಅಂದವರು ಇವರೇ ಮೊದಲು. ಗಾನವಿ ಬಿಸಿಲು ಬೀಳುತ್ತಿದ್ದ ಆ ಅಡುಗೆಮನೆಯನ್ನು ನೋಡಿದಳು, ಇಂದ್ರೇಶನನ್ನು ನೋಡಿದಳು, ಹೌದೆಂದು ತಲೆಯಾಡಿಸಿದಳು. ಅವನೂ ಆಡಿಸಿದ.

ಆ ತಲೆಯಾಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮುಹೂರ್ತವೇ ಕೂಡಿಬರಲಿಲ್ಲ. ಮಗಳು ನಿಹಾರಿಕಾ ಹುಟ್ಟುವಾಗ ಇಂದ್ರೇಶ್ ಶಿಫ್ಟಿನಲ್ಲಿದ್ದ. ಹದಿನಾಲ್ಕು ಗಂಟೆ ಕೈ ಹಿಡಿದು ಪಕ್ಕದಲ್ಲಿ ಕೂತವಳು ಸುಜಾತಾ. ಮಗುವಿಗೆ ಮೊದಲ ಎಣ್ಣೆನೀರು ಹಾಕಿದವಳೂ ಅವಳೇ. ಹಾಗೆ ಕೈ ಹಿಡಿದವಳಿಗೆ ‘ಅಕ್ಕಾ, ಅವತ್ತು ನಾನು ಹೇಳಿದ್ದು ಸುಳ್ಳು’ ಎನ್ನುವುದು ಹೇಗೆ? ಆಮೇಲೆ ಗಾನವಿಯವರು ಎರಡು ಬೀದಿಯಾಚೆ ಬೇರೆ ಯೂನಿಟ್ ಹಿಡಿದರು. ಸುಜಾತಾಳ ಗಂಡ ಲಕ್ಷ್ಮೀಶನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದರು. ಅಷ್ಟು ಹೊತ್ತಿಗೆ ಬ್ಲ್ಯಾಕ್‌ಟೌನಿನ ಕನ್ನಡದ ಹೆಂಗಸರ ಗುಂಪಿಗೆಲ್ಲ ಗಾನವಿ ವೆಜ್ ಎಂದೇ ಗೊತ್ತಾಗಿತ್ತು. ಸ್ವಂತ ಅಡುಗೆಮನೆಯಲ್ಲೂ ಅವಳು ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನು ಹಾಕಿ, ಮೂರು ಊದುಬತ್ತಿ ಹಚ್ಚಿ ಮೀನಿನ ಸಾರು ಮಾಡುತ್ತಿದ್ದಳು. ಕದ್ದು ತಿಂದಂತೆ ಬೇಗ ಬೇಗ ತಿಂದು ಮುಗಿಸುತ್ತಿದ್ದರು.

೨೦೦೯ರ ಆಗಸ್ಟಿನಲ್ಲಿ ಚಿನ್ನಮ್ಮ ಬಂದಳು, ಐದು ತಿಂಗಳಿಗೆಂದು. ಬಂದ ಮೊದಲನೇ ವಾರವೇ ಕಿಟಕಿ ತೆರೆದಳು. “ಉಸಿರು ಕಟ್ತದೆ ಕಣೆ, ಮೀನು ಬೇಯೋವಾಗ ಯಾರಾದ್ರೂ ಕಿಟಕಿ ಮುಚ್ತಾರಾ?” ಮೇನ್ ಸ್ಟ್ರೀಟಿನ ವಿಯೆಟ್ನಾಮಿನವನ ಮೀನಿನ ಅಂಗಡಿಗೆ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಾನೇ ಹೋಗಿಬರತೊಡಗಿದಳು. ಅವನಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷ್ ಬಾರದು. ಇವಳು ಕಿವಿರು ಎತ್ತಿ ನೋಡಿ ಬೇಡವೆಂದು ತಲೆಯಾಡಿಸುತ್ತಿದ್ದಳು. ಅವನು ಸಿಕ್ಕಿಬಿದ್ದವನಂತೆ ನಕ್ಕು ಒಳಗಿನಿಂದ ಬೇರೆ ಮೀನು ತರುತ್ತಿದ್ದ. ಮೂರನೇ ವಾರಕ್ಕೆ ಅವನು ಅವಳನ್ನು ‘ಮಾಮಾ’ ಎಂದು, ಅಮ್ಮ ಎಂಬರ್ಥದಲ್ಲಿ, ಕರೆಯುತ್ತಿದ್ದ. ಮನೆಗೆ ಬಂದು, “ಅವ್ನು ಕಳ್ಳ. ಆದ್ರೆ ಮೀನು ಬಲ್ಲೋನು” ಎಂದು ಮೆಚ್ಚಿಕೊಂಡಳು.

ನಿಹಾರಿಕಾಗೆ ಆಗ ಎರಡು ತುಂಬಿತ್ತು. ತೂಕ ಮಾತ್ರ ಏರುತ್ತಿರಲಿಲ್ಲ. ಗಾನವಿ ಒಂದು ನೋಟ್‌ಬುಕ್ ಇಟ್ಟಿದ್ದಳು: ಯಾವ ದಿನ ಏನು ಕೊಟ್ಟೆ, ಎಷ್ಟು ಉಗಿದಳು. ಅನ್ನ ತೊವ್ವೆ, ನಾಲ್ಕು ಚಮಚ, ಮೂರು ನೆಲಕ್ಕೆ. ರಾಗಿ ಗಂಜಿ, ಬಾಯಿ ಬಿಡಲಿಲ್ಲ. ಕ್ಲಿನಿಕ್ಕಿನ ನರ್ಸ್ ಮೀನು ಕೊಟ್ಟು ನೋಡಿ ಅಂದಿದ್ದಳು. ಮುಳ್ಳಿಗೆ ಹೆದರಿ ಗಾನವಿ ಕೊಟ್ಟಿರಲಿಲ್ಲ.

ಅಕ್ಟೋಬರಿನ ಲಾಂಗ್ ವೀಕೆಂಡಿಗೆ ಮೆಲ್ಬರ್ನ್‌ಗೆ ಬನ್ನಿ, ಅಮ್ಮನನ್ನೂ ಕರೆತನ್ನಿ ಎಂದು ಸುಜಾತಾ ಹಟ ಹಿಡಿದಳು. ಶುಕ್ರವಾರ ಕಾರಿನಲ್ಲಿ ಹೊರಟರು. ಗೋಲ್ಬರ್ನ್ ದಾಟಿದ ಮೇಲೆ ಗಾನವಿ ಹಿಂದಕ್ಕೆ ತಿರುಗಿ, ಎಷ್ಟೋ ದಿನದಿಂದ ಬಾಯಲ್ಲೇ ಉಳಿದಿದ್ದನ್ನು ಹೇಳಿದಳು.

“ಅವ್ವ, ಸುಜಾತಕ್ಕನ ಮನೇಲಿ ಮೀನಿನ ಮಾತು ಬೇಡ.”

“ಅವರು ತಿನ್ನಾಕಿಲ್ವಾ?”

“ಇಲ್ಲ.”

“ತಿನ್ನದಿದ್ರೆ ಬ್ಯಾಡ. ಮಾತಾಡಿದ್ರೆ ಮೈಲಿಗೆಯಾ?”

“ಹಾಗಲ್ಲ... ನಾವೂ ತಿನ್ನಲ್ಲ ಅಂತ ಅಂದ್ಕೊಂಡಿದಾರೆ.”

ಚಿನ್ನಮ್ಮ ಹೊರಗಿನ ಹಸಿರು ಬಯಲನ್ನು ನೋಡಿದಳು. ಕುರಿಗಳಿದ್ದವು. “ಆಯ್ತು” ಎಂದಳು.

ಸುಜಾತಾ ಚಿನ್ನಮ್ಮನ ಕಾಲಿಗೆ ನಮಸ್ಕಾರ ಮಾಡಿ ಒಳಗೆ ಕರೆದಳು. ರಾತ್ರಿಯೂಟಕ್ಕೆ ಹುಳಿ, ಕೋಸಂಬರಿ, ಶಾವಿಗೆ ಪಾಯಸ. ಬಡಿಸುತ್ತಾ ಕೇಳಿದಳು: “ಅಮ್ಮಾ, ಊರಲ್ಲಿ ಏನು ಮಾಡ್ಕೊಂಡಿದೀರಿ?”

“ಯಾಪಾರ ಕಣವ್ವ. ಕಟ್ಟೆ ಮೇಲೆ.”

“ಹೌದಾ? ಏನು ವ್ಯಾಪಾರ?”

“ತರಕಾರಿ” ಎಂದಳು ಗಾನವಿ. ಎಷ್ಟು ಬೇಗ ಹೇಳಿದಳೆಂದರೆ ಬಾಯಲ್ಲಿದ್ದ ಅನ್ನ ನುಂಗಿರಲಿಲ್ಲ.

“ಅಯ್ಯೋ, ಹಾಗಾದ್ರೆ ನಾಳೆ ನಿಮ್ಮನ್ನ ಒಂದು ಅಂಗಡಿಗೆ ಕರ್ಕೊಂಡ್ ಹೋಗ್ಬೇಕು ಅಮ್ಮ! ಹೊಸದಾಗಿ ತೆರೆದಿದಾರೆ. ಅಂಗಡಿ ಅಲ್ಲ ಅದು, ಗೋಡೌನು! ಇವ್ರಂತೂ ಮೆಂಬರ್ ಕಾರ್ಡ್ ಮಾಡಿಸಿದಾಗಿಂದ ವಾರ ವಾರ ಹೋಗಿ ಮೂರು ವರ್ಷಕ್ಕಾಗೋಷ್ಟು ಟಿಶ್ಯೂ ತಂದು ಪೇರ್ಸಿದಾರೆ.”

“ನಗಬೇಡಿ, ಒಂದಲ್ಲ ಒಂದು ದಿನ ನೆಗಡಿ ಬಂದೇ ಬರುತ್ತೆ” ಎಂದ ಲಕ್ಷ್ಮೀಶ. ಎಲ್ಲರೂ ನಕ್ಕರು. ಚಿನ್ನಮ್ಮನೂ ಸ್ವಲ್ಪ ನಕ್ಕಳು. ಗಾನವಿಯ ಕಡೆ ಮಾತ್ರ ನೋಡಲಿಲ್ಲ.

ಡಾಕ್‌ಲ್ಯಾಂಡ್ಸ್ ಬಡಾವಣೆಯ ಆ ಅಂಗಡಿ ನಿಜಕ್ಕೂ ಗೋಡೌನಿನ ಹಾಗೇ ಇತ್ತು. ಸೂರಿನವರೆಗೂ ಪೇರಿಸಿದ ಪೆಟ್ಟಿಗೆಗಳು, ತೊಟ್ಟಿಲಿನಷ್ಟು ದೊಡ್ಡ ಟ್ರಾಲಿಗಳು. ಸುಜಾತಾ ಮತ್ತು ಲಕ್ಷ್ಮೀಶ ಅಕ್ಕಿ ಮೂಟೆಯ ಸಾಲಿಗೆ ಹೋದರು, ಇಂದ್ರೇಶ್ ಮಗುವಿನ ನ್ಯಾಪಿ ಹುಡುಕಿಕೊಂಡು ಹೋದ. ಗಾನವಿ ಅವ್ವನ ಜೊತೆ ಫ್ರೀಜರುಗಳ ಸಾಲಿಗೆ ಬಂದಾಗ ಚಿನ್ನಮ್ಮ ತಟ್ಟನೆ ನಿಂತಳು. ಮೂಗು ಎತ್ತಿದಳು.

“ಮೀನು.”

ಇಪ್ಪತ್ತು ಹೆಜ್ಜೆ ಆಚೆ ತಲೆಗೆ ಬಲೆ ಟೋಪಿ ಹಾಕಿದ ಹೆಂಗಸೊಬ್ಬಳು ಪುಟ್ಟ ಕರೆಂಟ್ ಹೆಂಚಿನ ಮೇಲೆ ಏನೋ ಬೇಯಿಸಿ, ಚೂರು ಮಾಡಿ, ಕಾಗದದ ಬಟ್ಟಲುಗಳಲ್ಲಿಟ್ಟು ರುಚಿ ನೋಡಲು ಕೊಡುತ್ತಿದ್ದಳು. ಪಕ್ಕದಲ್ಲಿ ಡಬ್ಬಗಳು: ಸಾಲ್ಮನ್ ಬರ್ಗರ್. ಬ್ರೆಡ್ಡಿನ ನಡುವೆ ಇಟ್ಟು ತಿನ್ನುವ ಮೀನಿನ ವಡೆ, ಹಿಮಗಟ್ಟಿಸಿದ್ದು. ಗಾನವಿ ಹಿಂದೆ ಮುಂದೆ ನೋಡಿದಳು. ಅಕ್ಕಿ ಸಾಲು ದೂರವಿತ್ತು.

ಚಿನ್ನಮ್ಮ ಒಂದು ಚೂರನ್ನು ಬೆರಳಲ್ಲಿ ಹಿಡಿದು ಮೊದಲು ಒತ್ತಿದಳು, ಆಮೇಲೆ ಬಿಡಿಸಿ ನೋಡಿದಳು, ಆಮೇಲೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ಗಾನವಿಗೆ ಅವಳ ಆ ಮುಖ ಚಿಕ್ಕಂದಿನಿಂದ ಗೊತ್ತು. ಮುಂಜಾನೆ ತೆಪ್ಪ ದಡಕ್ಕೆ ಬಂದಾಗಿನ ಮುಖ.

“ಐಸಲ್ಲಿಟ್ಟಿದ್ದು. ಆದ್ರೆ ಹಿಡಿದ ದಿವ್ಸಾನೇ ಐಸಿಗೆ ಹಾಕವ್ರೆ, ಬುದ್ಧಿವಂತ್ರು. ಹಿಟ್ಟು ಜಾಸ್ತಿ ಬೆರೆಸಿಲ್ಲ. ಕೊಬ್ಬಿನ ಮೀನು. ನಮ್ಮ ಹೊಳೇಲಿ ಇಂಥದ್ದಿಲ್ಲ.” ಕಣ್ಣು ಬಿಟ್ಟಳು. “ಗಾನು, ಒಂದ್ ಮುಳ್ಳಿಲ್ಲ ಕಣೆ ಇದ್ರಲ್ಲಿ! ಮಗೀಗೆ ಕೊಡಾನ ತಡಿ.”

ಟ್ರಾಲಿಯಲ್ಲಿ ಕೂತಿದ್ದ ನಿಹಾರಿಕಾ ಬಾಯಿಗೆ ಬಂದದ್ದನ್ನು ಅಭ್ಯಾಸದಂತೆ ಉಗಿಯಲು ಸಿದ್ಧಳಾದಳು. ಉಗಿಯಲಿಲ್ಲ. ಅಗಿದಳು. “ಮೋರ್” ಎಂದಳು. ಎರಡನೇ ಬಟ್ಟಲು. ಮೂರನೇದು. ಟೋಪಿಯ ಹೆಂಗಸು ನಗುತ್ತಾ ನಾಲ್ಕನೆಯದನ್ನೂ ಕೊಟ್ಟಳು. ಇಡೀ ವರ್ಷದ ನೋಟ್‌ಬುಕ್ಕಿನಲ್ಲಿ ಆ ‘ಮೋರ್’ ಒಂದೇ ಒಂದು ಸಲವೂ ಇರಲಿಲ್ಲ. ಗಾನವಿ ಯೋಚಿಸದೆ ಒಂದು ಡಬ್ಬ ತೆಗೆದು ಟ್ರಾಲಿಯ ತಳಕ್ಕೆ ಇಟ್ಟಳು. ಇಂದ್ರೇಶ್ ನ್ಯಾಪಿಯ ಎರಡು ದೊಡ್ಡ ಪೆಟ್ಟಿಗೆ ಹೊತ್ತು ಬಂದಾಗ, “ಇದರ ಮೇಲಿಡಿ” ಎಂದು ಕಣ್ಣಲ್ಲೇ ಹೇಳಿದಳು. ಅವನು ನೋಡಿದ, ಇಟ್ಟ.

ಕಾರ್ಡು ಇದ್ದವರೇ ಬಿಲ್ ಮಾಡಿಸಬೇಕೆಂಬುದು ಅಲ್ಲಿಯ ಕ್ರಮ. ಕೌಂಟರಿನಲ್ಲಿ ಸುಜಾತಾ ಆಚೆ ಹಾಟ್‌ಡಾಗ್ ಕೊಳ್ಳಲು ನಿಂತವರ ಸಾಲು ನೋಡುತ್ತಿದ್ದಳು, ಲಕ್ಷ್ಮೀಶ ಫೋನಿನಲ್ಲಿ ಮಾತಾಡುತ್ತಾ ಕಾರ್ಡು ಚಾಚಿದ. ಡಬ್ಬ ದಾಟಿಹೋಯಿತು, ಮತ್ತೆ ನ್ಯಾಪಿಯ ಕೆಳಗೆ ಸೇರಿತು. ಗಾನವಿ ಉಸಿರು ಬಿಟ್ಟಳು. ಆ ಅಂಗಡಿಯಲ್ಲಿ ಇನ್ನೊಂದು ಕ್ರಮವೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹೊರಬಾಗಿಲಲ್ಲಿ ಒಬ್ಬ ಮುದುಕ ನಿಂತು ಪ್ರತಿಯೊಬ್ಬರ ಬಿಲ್ಲಿಗೂ ಟ್ರಾಲಿಗೂ ತಾಳೆ ನೋಡಿ, ಪೆನ್ನಿನಲ್ಲಿ ಗೀಟೆಳೆದು ಕಳಿಸುತ್ತಾನೆ.

ಅವನು ಒಂದೊಂದಾಗಿ ನೋಡಿದ. ನ್ಯಾಪಿ ಪೆಟ್ಟಿಗೆಯನ್ನು ಸ್ವಲ್ಪ ಎತ್ತಿದ. “ಓಹ್, ಸಾಲ್ಮನ್ ಬರ್ಗರ್! ನನ್ನ ಹೆಂಡತಿ ಇದು ಬಿಟ್ಟು ಬೇರೆ ತಿನ್ನೋದೇ ಇಲ್ಲ” ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಸಂತೋಷಪಟ್ಟ.

ಸುಜಾತಾ ಹಿಂದಿರುಗಿ ನೋಡಿದಳು. “ಸಾಲ್ಮನ್ನಾ? ನಮ್ ಟ್ರಾಲಿಲಾ? ರೀ, ಬೇರೆ ಯಾರದ್ದೋ ಬಂದ್ಬಿಟ್ಟಿದೆ ನೋಡಿ.”

ಮುದುಕ ಸಹಾಯ ಮಾಡುವವನಂತೆ ಬಿಲ್ಲಿನ ಮೇಲೆ ಬೆರಳಿಟ್ಟು ತೋರಿಸಿದ. ಇಲ್ಲೇ ಇದೆಯಲ್ಲ.

ಎಲ್ಲರೂ ಡಬ್ಬ ನೋಡಿದರು. ಆಗ ಗಾನವಿಯ ಬಾಯಿಂದ ಮಾತು ಬಂತು. ಅದು ಹೇಗೆ ಬಂತೆಂದು ಆಮೇಲೆ ಎಷ್ಟು ಸಲ ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ತಡವರಿಸದೆ, ನಗುವಿನ ಸಮೇತ ಬಂತು.

“ಅಯ್ಯೋ! ಅಮ್ಮ ಹಾಕಿರ್ಬೇಕು ಸುಜಾತಕ್ಕ. ಅವ್ರಿಗೆ ಓದಕ್ಕೆ ಬರಲ್ಲ ಅಲ್ವಾ... ಆಲೂ ಟಿಕ್ಕಿ ಥರ ಇದೆ ನೋಡಿ, ವೆಜ್ ಪ್ಯಾಟಿ ಅಂದ್ಕೊಂಡ್ಬಿಟ್ಟಿದಾರೆ ಪಾಪ.”

ಡಬ್ಬದ ಮೂಲೆಯಲ್ಲಿ ಬೆಳ್ಳಿ ಬಣ್ಣದ ಮೀನೊಂದು ನೀರಿನಿಂದ ಮೇಲಕ್ಕೆ ಹಾರುತ್ತಿತ್ತು. ಅದನ್ನು ತಿಳಿಯಲು ಯಾವ ಅಕ್ಷರವೂ ಬೇಕಿರಲಿಲ್ಲ.

“ಚಿತ್ರ ಇದೆಯಲ್ಲ, ನೋಡ್ಲಿಲ್ವಾ ಅಮ್ಮ?” ಸುಜಾತಾ ಮೆತ್ತಗೆ ಕೇಳಿದಳು.

ಚಿನ್ನಮ್ಮ ಮಗಳನ್ನು ನೋಡಿದಳು. ಒಂದು ಕ್ಷಣ, ಅಷ್ಟೇ. ಆಮೇಲೆ ಸೆರಗು ಹೊದ್ದುಕೊಂಡು, “ಕಣ್ಣು ಸರಿಯಾಗಿ ಕಾಣಾಕಿಲ್ಲ ಕಣವ್ವ” ಎಂದಳು.

“ಅಲ್ಲಿ ರುಚಿ ನೋಡಕ್ಕೆ ಕೊಡ್ತಿದ್ರಲ್ಲ. ಅದು ತಿಂದ್ಬಿಟ್ರಾ?”

“ಒಂದ್ ಚೂರು.”

“ಗೊತ್ತಾಗ್ಲಿಲ್ವಾ ಅಮ್ಮ, ಮೀನು ಅಂತ?”

“ಗೊತ್ತಾಗ್ನಿಲ್ಲ ಕಣವ್ವ. ಆಲೂಗೆಡ್ಡೆ ಅಂದ್ಕಂಡೆ.”

ಗಾನವಿ ನಿಹಾರಿಕಾಳ ಶೂ ಲೇಸು ಕಟ್ಟಲು ಬಗ್ಗಿದಳು. ಅದು ಬಿಚ್ಚಿರಲಿಲ್ಲ.

ವಾಪಸು ತೆಗೆದುಕೊಳ್ಳುವ ಕೌಂಟರ್ ಅಲ್ಲೇ ಇತ್ತು. “ತಪ್ಪು ಮಾಡಿದೋಳು ನಾನೇ ಅಲ್ವಾ” ಎಂದು ಚಿನ್ನಮ್ಮ ಡಬ್ಬವನ್ನು ತಾನೇ ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಶಾಲೆಯಲ್ಲಿ ಶಿಕ್ಷೆ ತಿಂದ ಮಗುವಿನಂತೆ ಲಕ್ಷ್ಮೀಶನ ಹಿಂದೆ ಸಾಲಿನಲ್ಲಿ ನಿಂತಳು. ಏನಾದರೂ ಕೆಟ್ಟಿತ್ತೇ ಎಂದು ಕೌಂಟರಿನ ಹುಡುಗಿ ಕೇಳಿದಳು. ಏನೂ ಕೆಟ್ಟಿಲ್ಲ, ಗೊತ್ತಿಲ್ಲದೆ ತಗೊಂಡದ್ದು ಅಂದ ಲಕ್ಷ್ಮೀಶ. ಟ್ರಾಲಿಯಲ್ಲಿ ನಿಹಾರಿಕಾ ಡಬ್ಬದ ಕಡೆ ಕೈಚಾಚಿ “ಮೋರ್, ಮೋರ್” ಎಂದು ಅಳತೊಡಗಿದಳು. ಇಂದ್ರೇಶ್ ಅವಳನ್ನು ಎತ್ತಿಕೊಂಡು ಹೊರಗೆ ಹೋದ.

ಸುಜಾತಾ ಕೆಟ್ಟವಳಾಗಿದ್ದರೆ ಗಾನವಿಗೆ ಎಷ್ಟೋ ಸುಲಭವಾಗುತ್ತಿತ್ತು. ಮನೆಗೆ ಬಂದವಳೇ ಅವಳು ಚಿನ್ನಮ್ಮನಿಗೆ ಬಿಸಿನೀರು ತೋಡಿಕೊಟ್ಟಳು, ತನ್ನದೇ ಹೊಸ ಟವೆಲ್ ತೆಗೆದುಕೊಟ್ಟಳು. “ಗೊತ್ತಿಲ್ದೆ ಆಗಿದ್ದಕ್ಕೆ ದೋಷ ಇಲ್ಲ ಅಮ್ಮ. ಮನಸ್ಸಿಗೆ ಹಚ್ಕೋಬೇಡಿ. ಒಂದು ತಲೆ ಮೇಲೆ ನೀರು ಹಾಕ್ಕೊಂಡ್ಬಿಡಿ, ನಿಮಗೇ ಸಮಾಧಾನ ಆಗುತ್ತೆ.” ತಲೆಗೆ ಟವೆಲ್ ಸುತ್ತಿಕೊಂಡು ಬಂದ ಚಿನ್ನಮ್ಮನನ್ನು ದೇವರ ಮುಂದೆ ಕರೆದು, ತುಳಸಿದಳ ಹಾಕಿದ ತೀರ್ಥ ಕೊಟ್ಟಳು. ಚಿನ್ನಮ್ಮ ಬಲಗೈ ಮುಂದೆ ಮಾಡಿದಳು. ಈಳಿಗೆಮಣೆಯ ಹಳೆಯ ಗಾಯಗಳಿದ್ದ ಅಂಗೈ. ಕುಡಿದು, ಕೈಯನ್ನು ತಲೆಗೆ ಸವರಿಕೊಂಡಳು. ಗಾನವಿ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಈಗ ಹೇಳಬೇಕು, ಈಗ, ಎಂದುಕೊಂಡಳು. “ಅಮ್ಮಂಗೆ ಕಾಫಿ ಮಾಡ್ಲಾ?” ಎಂದಳು.

ಮಾರನೆಯ ಬೆಳಿಗ್ಗೆ ಚಿನ್ನಮ್ಮ ನಡುಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಒಳಗಿನ ರೂಮಿನಲ್ಲಿ ಸುಜಾತಾ ಸಿಡ್ನಿಯ ನೀಲಕ್ಕನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ನೀಲಕ್ಕ ಅಂದರೆ ಬ್ಲ್ಯಾಕ್‌ಟೌನಿನ ಹೆಂಗಸರ ಗುಂಪಿಗೆ ಹಿರಿಯಕ್ಕ, ಧಾರವಾಡದವಳು. ಅವಳ ಕಿವಿಗೆ ಬಿದ್ದದ್ದು ವಾರದೊಳಗೆ ಊರಿಗೆಲ್ಲ. “ಪಾಪ ನೀಲಕ್ಕ, ಏನೂ ತಿಳೀದ ಜೀವ. ಬರ್ಗರ್ ಡಬ್ಬಾನೇ ತಂದ್ಬಿಟ್ಟಿದಾರೆ! ಆಲೂಗೆಡ್ಡೆ ಅಂತೆ!” ಆ ಕಡೆಯ ನಗು ಹೊರಗೂ ಕೇಳಿತು. ಚಿನ್ನಮ್ಮನ ಬೆರಳು ಸಿಪ್ಪೆಯ ಮೇಲೆ ಒಂದು ಗಳಿಗೆ ನಿಂತು ಮತ್ತೆ ಹೊರಟಿತು. ಗಾನವಿ ಅಡುಗೆಮನೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದಳು, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆದಳು.

ಸೋಮವಾರ ವಾಪಸು ಹೊರಟರು. ಆಲ್ಬರಿ ದಾಟಿದ ಮೇಲೆ ಒಂದು ತಂಗುದಾಣದಲ್ಲಿ ನಿಲ್ಲಿಸಿದರು. ಇಂದ್ರೇಶ್ ಮಗುವಿಗೆ ಜಾರುಬಂಡೆ ಆಡಿಸಲು ಹೋಗುವ ಮುಂಚೆ ಹೆಂಡತಿಗೆ ಮೆಲ್ಲಗೆ ಹೇಳಿದ: “ನಿನ್ನ ಒಬ್ಬಳದ್ದೇ ತಪ್ಪಲ್ಲ. ನೀನು ಹಾಗಂದಿದ್ದು ನನಗೂ ಅನುಕೂಲ ಅಂತಾನೇ ನಾನೂ ಬಾಯಿ ಮುಚ್ಕೊಂಡಿದ್ದೆ.” ಗಾನವಿ ಅವ್ವನ ಪಕ್ಕದಲ್ಲಿ ಮರದ ಬೆಂಚಿನ ಮೇಲೆ ಕೂತಳು. ಬುತ್ತಿಯ ಚಪಾತಿ ಬಿಚ್ಚಿದಳು.

“ಅವ್ವ, ನಿನ್ನ ದಡ್ಡಿ ಮಾಡ್ಬಿಟ್ಟೆ ಎಲ್ಲರ ಮುಂದೆ.”

“ದಡ್ಡೀನೇ ಅಲ್ವೇನೆ ನಾನು? ಓದಾಕೆ ಬರಾಕಿಲ್ಲ ಅಂದೆ, ನಿಜಾನೇ ಅಂದೆ. ಅದಕ್ಕೇನೂ ಬ್ಯಾಸರ ಇಲ್ಲ.” ಚಪಾತಿ ಮುರಿದಳು, ತಿನ್ನಲಿಲ್ಲ. “ಹೈಸ್ಕೂಲಿಗೆ ಹೋಯ್ತಾ ಸುತ್ತು ಹಾಕ್ಕಂಡು ಹೋಗ್ತಿದ್ದೆಯಲ್ಲ, ಅದಕ್ಕೂ ಬ್ಯಾಸರ ಮಾಡ್ಕಳ್ಳಿಲ್ಲ. ಮಕ್ಕಳು, ನಾಚಿಕೆ ಇರ್ತದೆ ಅಂದ್ಕಂಡೆ. ಮೀನು ಅಂತ ಗೊತ್ತಾಗ್ನಿಲ್ಲ ಅಂತ ನನ್ನ ಬಾಯಿಂದಾನೇ ಅನ್ನಿಸ್ಬುಟ್ಟೆಯಲ್ಲ ಗಾನು, ಅದು... ಮೂವತ್ತು ವರ್ಸ ಮೀನಿನ ವಿಸ್ಯದಲ್ಲಿ ನಾನು ಸುಳ್ಳಾಡ್ದೋಳಲ್ಲ.”

ಆಮೇಲೆ ಸಿಡ್ನಿಯವರೆಗೂ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಬ್ಲ್ಯಾಕ್‌ಟೌನಿನಲ್ಲಿ ವಿಯೆಟ್ನಾಮಿನವನ ಅಂಗಡಿಗೂ ಹೋಗಲಿಲ್ಲ. ಮನೆಯಲ್ಲಿ ಏನು ಅಡುಗೆ ಮಾಡಲಿ ಅಂದರೆ, “ನಿಂಗೆ ಯಾವುದು ಸರಿ ಅನ್ನಿಸ್ತದೋ ಅದು” ಎನ್ನುತ್ತಿದ್ದಳು. ಒಂದು ದಿನ ಗಾನವಿ ತಾನೇ ಹೋಗಿ ಮೀನು ತಂದಳು. ಕಿವಿರು ನೋಡುವುದನ್ನು ಮರೆತಿದ್ದಳು. ಚಿನ್ನಮ್ಮ ಹೆಬ್ಬೆರಳು ಒತ್ತಿ ನೋಡಿ, ನಿನ್ನೇದೆಂದು ಹೇಳದೆ, ಹುಣಿಸೇಹಣ್ಣು ಜಾಸ್ತಿ ಹಾಕಿ ಸಾರು ಮಾಡಿದಳು.

ಎರಡು ವಾರಕ್ಕೆ ದೀಪಾವಳಿ. ಭಾನುವಾರ ಮಧ್ಯಾಹ್ನ ಕಮ್ಯುನಿಟಿ ಹಾಲಿನಲ್ಲಿ ಕನ್ನಡದವರ ಊಟ, ಮನೆಗೊಂದು ಪದಾರ್ಥ. ಗಾನವಿ ಚಿತ್ರಾನ್ನ ಮಾಡಿಕೊಂಡು ಹೋದಳು. ಹೆಂಗಸರೆಲ್ಲ ಉದ್ದನೆಯ ಮೇಜಿನ ಸುತ್ತ ಸೇರಿದ್ದರು. ಚಿನ್ನಮ್ಮ ತಟ್ಟೆ ಹಿಡಿದು ಬಂದದ್ದೇ ನೀಲಕ್ಕ ಹೋಳಿಗೆ ಎತ್ತಿ ಹಾಕುತ್ತಾ ಕಣ್ಣು ಮಿಟುಕಿಸಿದಳು.

“ಬರ್ರಿ ಚಿನ್ನಮ್ಮಾರ! ಇದು ಹೋಳಿಗಿರಿ, ಧೈರ್ಯದಿಂದ ತಿನ್ರಿ. ಮೀನಲ್ಲ!”

ಮೇಜಿನ ಸುತ್ತ ನಗು ಹರಡಿತು. ಕೆಟ್ಟ ನಗುವಲ್ಲ, ಎಲ್ಲರಿಗೂ ಗೊತ್ತಿರುವ ತಮಾಷೆಗೆ ನಗುವ ನಗು. ಯಾರೋ, “ಆಲೂಗೆಡ್ಡೆ ಪಲ್ಯಾನೂ ಇದೆ ಅಮ್ಮ, ನೋಡ್ಕೊಂಡು ಹಾಕ್ಕೊಳ್ಳಿ” ಎಂದರು. ಚಿನ್ನಮ್ಮನೂ ನಕ್ಕಳು. ನಗಬೇಕೆಂದು ಯಾರೋ ಹೇಳಿಕೊಟ್ಟಂತೆ ನಕ್ಕಳು. ಅದನ್ನು ನೋಡಲು ಗಾನವಿಯಿಂದ ಆಗಲಿಲ್ಲ.

“ನೀಲಕ್ಕ, ಅಮ್ಮಂಗೆ ಗೊತ್ತಿತ್ತು.”

“ಏನ್ ಗೊತ್ತಿತ್ತವಾ?”

“ಅದು ಮೀನು ಅಂತ. ಇಪ್ಪತ್ತು ಹೆಜ್ಜೆ ದೂರದಿಂದ್ಲೇ ಗೊತ್ತಾಗಿತ್ತು. ಅವ್ವ ಮೂವತ್ತು ವರ್ಷ ಮೀನು ಮಾರಿದಾಳೆ.” ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುವುದಿಲ್ಲವೆಂದು ಮಾತು ಓಡಿಸಿದಳು. “ಡಬ್ಬ ಹಾಕಿದ್ದು ನಾನು. ನ್ಯಾಪಿ ಕೆಳಗೆ ಬಚ್ಚಿಟ್ಟಿದ್ದೂ ನಾನೇ. ನಾವು ಮೀನು ತಿನ್ನೋ ಜನ. ಸಿಕ್ಕಿಬಿದ್ದಾಗ ಅವ್ವನ ಮೇಲೆ ಹಾಕ್ದೆ.”

ಸೌಟು ಪಾತ್ರೆಗೆ ತಗಲಿದ ಸದ್ದು. ಚಿತ್ರಾನ್ನಕ್ಕೆ ಕೈಚಾಚಿದ್ದವಳೊಬ್ಬಳು ಕೈಯನ್ನು ಹಿಂದಕ್ಕೆಳೆದು ಪಕ್ಕದ ಪಾತ್ರೆಯ ಮುಚ್ಚಳ ತೆರೆದಳು. ನೀಲಕ್ಕ ಹೋಳಿಗೆಯ ಡಬ್ಬಿ ಕೆಳಗಿಟ್ಟಳು. “ಅಯ್ಯ ಶಿವನ! ನಮಗೇನ್ ಗೊತ್ತರೀ... ಸುಜಾತಾ ಹೇಳಿದ್ಲು, ನಕ್ಕಿವಿ. ತಪ್ಪ ತಿಳ್ಕೋಬ್ಯಾಡ್ರಿ ಚಿನ್ನಮ್ಮಾರ.”

“ಇಲ್ಲ ಕಣವ್ವ” ಎಂದಳು ಚಿನ್ನಮ್ಮ. “ಹೌದು, ಮೀನು ಮಾರೋಳೇ ನಾನು.” ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, “ಹೂರಣ ಚೆನ್ನಾಗಿ ಬಂದದೆ” ಎಂದಳು.

ಊಟ ಮುಗಿಯುವವರೆಗೂ ಗಾನವಿಯ ಪಕ್ಕದ ಎರಡು ಕುರ್ಚಿ ಖಾಲಿಯಿದ್ದವು. ಚಿತ್ರಾನ್ನ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಪಾರ್ಕಿಂಗಿಗೆ ಬಂದಾಗ ಊಟಕ್ಕೆ ಬಂದಿದ್ದ ಗೋಪೀನಾಥ ಎಂಬವರು ಹಿಂದಿನಿಂದ ಸರಸರ ಬಂದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿ, “ಅಮ್ಮಾ, ಇಲ್ಲಿ ಒಳ್ಳೆ ಮೀನು ಎಲ್ಲಿ ಸಿಗುತ್ತೆ? ನಮ್ಮ ಮನೆಯವಳಿಗೆ ಹೇಳ್ಬೇಡಿ” ಎಂದರು. ಚಿನ್ನಮ್ಮ ಅಂಗಡಿಯ ದಾರಿ ಹೇಳಿದಳು. “ಕಿವಿರು ಎತ್ತಿ ನೋಡಿ ತಗಳ್ಳಿ. ಅವ್ನು ಮೊದ್ಲು ಹಳೇದು ಕೊಡ್ತಾನೆ.”

ಕಾರಿನೊಳಗೆ ಕೂತ ಮೇಲೆ ಗಾನವಿ ಅವ್ವ ಏನಾದರೂ ಅನ್ನುತ್ತಾಳೆಂದು ಕಾದಳು. ಒಳ್ಳೇದು ಮಾಡಿದೆ ಅಂತಲೋ, ಯಾಕೆ ಹೇಳಲು ಹೋದೆ ಅಂತಲೋ. ಚಿನ್ನಮ್ಮ ಸೀಟಿನ ಬೆಲ್ಟು ಹಾಕಿಕೊಂಡು ಕೇಳಿದ್ದು ಬೇರೆ:

“ಸುಜಾತವ್ವಂಗೆ ಹೇಳ್ದಾ?”

“ಇಲ್ಲ.”

“ನೀಲವ್ವ ಇಷ್ಟೊತ್ತಿಗೆ ಫೋನು ತಗಂಡಿರ್ತಾಳೆ. ಇನ್ನೊಬ್ಬರ ಬಾಯಿಂದ ಕೇಳ್ಬಾರ್ದು ಆ ಹುಡುಗಿ. ನಂಗೆ ಕೈಯಾರೆ ತೀರ್ಥ ಕೊಟ್ಟವ್ಳೆ. ಈಗ್ಲೇ ಮಾಡು.”

ಗಾನವಿ ಕಾರಿನಿಂದ ಇಳಿದು ಫೋನು ಮಾಡಿದಳು. ಆ ಕಡೆಯಿಂದ ಸುಜಾತಾ, “ಗಾನು! ಹಬ್ಬದ ಊಟ ಆಯ್ತಾ?” ಎಂದಳು. ಗಾನವಿ ಹೇಳಿದಳು. ಬ್ಲ್ಯಾಕ್‌ಟೌನಿನ ಬಾಡಿಗೆ ರೂಮಿನಿಂದ ಹಿಡಿದು ಹೊರಬಾಗಿಲಿನ ಮುದುಕನವರೆಗೆ, ಒಂದೇ ಉಸಿರಿನಲ್ಲಿ.

“ನೀವೇನು ತಿಂತೀರ ಅನ್ನೋದು ಬಿಡು” ಎಂದಳು ಸುಜಾತಾ. “ಮೂರು ವರ್ಷ ನನಗೆ ಹೇಳ್ಬಹುದು ಅನ್ನಿಸ್ಲಿಲ್ಲ ನಿನಗೆ, ಆಯ್ತು, ಆ ಚೀಟಿ ಬರೆದೋಳು ನಾನೇ. ಆದ್ರೆ ಅವತ್ತು ನಾನು ಆ ಹಿರಿ ಜೀವಕ್ಕೆ ತಲೆ ಮೇಲೆ ನೀರು ಹಾಕ್ಕೊಳ್ಳಿ ಅಂತಿದ್ದಾಗ, ಕೈ ಒಡ್ಡಿಸಿ ತೀರ್ಥ ಹಾಕ್ತಿದ್ದಾಗ, ಬಾಗಿಲಲ್ಲಿ ನಿಂತು ನೋಡ್ತಿದ್ದೆಯಲ್ಲ ಗಾನು. ನನ್ನ ಕೈಲಿ ಏನು ಮಾಡಿಸ್ಬಿಟ್ಟೆ ನೀನು?” ಸ್ವರ ಒಡೆಯಿತು. “ಅಮ್ಮಂಗೆ ಕೊಡು ಫೋನು.”

ಗಾನವಿ ಕಿಟಕಿಯಿಂದ ಫೋನು ಒಳಗೆ ಕೊಟ್ಟಳು. ಚಿನ್ನಮ್ಮ ಅದನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದಳು.

“ಅಳಬ್ಯಾಡ ಕಣವ್ವ... ನಿಂದೇನಿದೆ ತಪ್ಪು? ನೀರು ಕೊಟ್ಟೆ, ಕುಡಿದೆ. ದೇವ್ರ ನೀರಲ್ವಾ... ಇಲ್ಲ, ಇಲ್ಲ ಕಣೆ ತಾಯಿ, ನಿನ್ನ ಮೇಲೆ ನಂಗ್ಯಾಕೆ ಕ್ವಾಪ? ನನ್ನ ಮಗಳ ಹೆರಿಗೆಗೆ ನಾನಿರಲಿಲ್ಲ, ನೀನಿದ್ದೆ...”

ಆ ದನಿ ಗಾನವಿಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ಜ್ವರ ಬಂದ ರಾತ್ರಿಗಳಲ್ಲಿ ಅದು ತನ್ನದಾಗಿತ್ತು. ಈಗ ಅದು ಮೆಲ್ಬರ್ನಿನಲ್ಲಿ ಅಳುತ್ತಿರುವ ಇನ್ನೊಬ್ಬಳ ತಲೆ ಸವರುತ್ತಿತ್ತು. ಗಾನವಿ ಉಳಿದ ಚಿತ್ರಾನ್ನದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವ್ವ ಮಾತು ಮುಗಿಸಲೆಂದು ಕಾರಿನ ಹೊರಗೆ ಬಿಸಿಲಿನಲ್ಲಿ ನಿಂತಳು.